ಇಂಜಿನ್ನಿಗೆ ಕಟ್ಟಿದ ತಾಯತ

ಗಾಣದ ನಿಜಗುಣಪ್ಪ ಪಕ್ಕದ ಗಿರಣಿಗೆ ಬಂದು, ಇಂಜಿನ್ ನೋಡಿ "ಭಾಳ ಚಂದ ಐತಿ" ಅಂದದ್ದೇ ಎಲ್ಲಕ್ಕೂ ಮೂಲ. ಅದು ಜರ್ಮನ್ ಯುದ್ಧ ಮುಗಿದ ವರ್ಷ. ಲಕ್ಕಪ್ಪ ಬೆಳಗಾವಿಯ ಗೋರಾ ಸಾಹೇಬನೊಬ್ಬನ ಹಳೆಯ ಪೆಟ್ರೋಲ್ ಇಂಜಿನ್ ತಂದು ನೇಸರಗಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದ. ಎತ್ತು ಕಟ್ಟಿ ಗಾಣ ಆಡಿಸುವವನು ಇಂಜಿನ್ನನ್ನು ಸುಮ್ಮನೆ ಹೊಗಳುತ್ತಾನೆಯೇ? ದೃಷ್ಟಿಯೇ ಸರಿ ಎಂದು ಲಕ್ಕಪ್ಪ ಸಂಜೆಯೇ ದರ್ಗಾದಿಂದ ತಾಯತ ತಂದು, ಹಿತ್ತಾಳೆ ಸರಪಳಿಯಿಂದ ಇಂಜಿನ್ನಿನ ಕೊರಳಿಗೆ ಕಟ್ಟಿದ. ಕೊರಳು ಯಾವುದೆಂದು ಬಹಳ ಯೋಚಿಸಿ, ನೆತ್ತಿಯಲ್ಲಿ ತಂತಿ ಬಂದು ಸೇರುವ ಪ್ಲಗ್ಗೇ ಇರಬೇಕೆಂದು ತೀರ್ಮಾನಿಸಿದ್ದ.

ಬೆಳಿಗ್ಗೆ ಇಂಜಿನ್ ಚಾಲೂ ಆಗಲಿಲ್ಲ.

ಅವತ್ತೇ ಶಟ್ಟೆವ್ವ ಮಗಳ ಮದುವೆಯ ಜೋಳ ಹೊರಿಸಿಕೊಂಡು ಬಂದಿದ್ದಳು. ಗಿರಣಿ ಹಿಟ್ಟಿನ ರೊಟ್ಟಿ ಹೇಗಾದೀತೆಂದು ಊರ ಹೆಂಗಸರೂ ನೋಡಲು ನಿಂತಿದ್ದರು. ಈ ಜೋಳ ಹಿಂದಕ್ಕೆ ಹೋದರೆ ಗಿರಣಿಗೆ ಬೀಗವೇ ಗತಿ.

ಲಕ್ಕಪ್ಪ ಗಾಲಿ ತಿರುಗಿಸಿದ. ಇಂಜಿನ್ ಉಸ್ಸೆಂದಿತೇ ಹೊರತು ಕೆಮ್ಮಲಿಲ್ಲ. ನಿಜಗುಣಪ್ಪನೇ ನೀರು ಬೆರೆಸಿರಬೇಕೆಂದು ಲಕ್ಕಪ್ಪ ಪೆಟ್ರೋಲ್ ಅಂಗೈಗೆ ಸುರುವಿಕೊಂಡು ಮೂಸಿದ, ಅಪ್ಪಟವಾಗಿತ್ತು. ತಂತಿ ಕಡಿದಿರಬೇಕೆಂದು ತಡವಿದ, ಗಟ್ಟಿಯಾಗಿತ್ತು. ಪ್ಲಗ್ ಬಿಚ್ಚಿ, ಮಸಿ ಕೆರೆದು, ತಾಯತದ ಸಮೇತ ಇಂಜಿನ್ನಿನ ಮೈಮೇಲೆ ಮಲಗಿಸಿ, ಕಿಡಿ ಹಾರುತ್ತದೆಯೇ ನೋಡಲು ಮತ್ತೆ ಗಾಲಿ ತಿರುಗಿಸಿದ. ಕಿಡಿಯೇ ಇಲ್ಲ. ಅಂದರೆ ಕಿಡಿ ಕಳುವಾಗಿದೆ!

ನೇರ ಗಾಣಕ್ಕೆ ನುಗ್ಗಿ ಹಿಂಡಿಯ ಬುಟ್ಟಿಯನ್ನೂ ಬಿಡದೆ ಹುಡುಕಿದ.

"ನಿನ್ನ ಕಿಡಿ ತಗೊಂಡು ನಾ ಏನ್ ಮಾಡ್ಲೋ ಲಕ್ಕಪ್ಪಾ? ಎತ್ತಿನ ಬಾಲಕ್ಕ ಹಚ್ಚಲೇನು?" ಎಂದ ನಿಜಗುಣಪ್ಪ, ಕೊರಳ ಲಿಂಗ ಮುಟ್ಟಿ ಆಣೆ ಇಟ್ಟ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತೆಂದು ಲಕ್ಕಪ್ಪನ ಅನುಮಾನ ಇನ್ನಷ್ಟು ಬಲಿಯಿತು.

ಮಧ್ಯಾಹ್ನ ಶಟ್ಟೆವ್ವ ಮನೆಗೆ ಹೊರಡಲು ಜೋಳದ ಚೀಲಕ್ಕೆ ಕೈ ಹಾಕಿದಳು.

"ತಡೀಬೇ ಯವ್ವಾ. ಈ ತಾಯತ ಸಾಲದು, ದೊಡ್ಡದು ತರತೇನಿ" ಎಂದು ಲಕ್ಕಪ್ಪ ಪ್ಲಗ್ ಕೂರಿಸಿ, ತಂತಿ ಸಿಕ್ಕಿಸಿ, ತಾಯತ ಬಿಚ್ಚಿಕೊಂಡ. ಹೊರಡುವ ಮುನ್ನ ರೂಢಿಯಂತೆ ಗಾಲಿಯನ್ನೊಮ್ಮೆ ತಿರುವಿದ. ಇಂಜಿನ್ ಧಡಧಡನೆ ಎದ್ದಿತು.

ಆಗ ಅವನಿಗೆ ಹೊಳೆಯಿತು. ತಂತಿಗೂ ಇಂಜಿನ್ನಿನ ಕಬ್ಬಿಣಕ್ಕೂ ತಾಗಿದ್ದ ಸರಪಳಿಯೇ ಕಿಡಿಯನ್ನು ನುಂಗುತ್ತಿತ್ತು. ಸಂತೋಷ ತಡೆಯಲಾರದೆ, ಎಲ್ಲರಿಗೂ ತೋರಿಸಿಬಿಡುತ್ತೇನೆಂದು ಸರಪಳಿಯನ್ನು ಮತ್ತೆ ಹಾಕಿದ. ಇಂಜಿನ್ ಸತ್ತಿತು, ಕೈಗೆ ಮಿಂಚು ಬಡಿದು ಅವನ ಮೈಯೆಲ್ಲ ನಡುಗಿತು. ತೆಗೆದು ತಿರುವಿದ, ಇಂಜಿನ್ ಎದ್ದಿತು. "ನೋಡಿದ್ರ್ಯಾ?" ಎಂದು ತಿರುಗಿದ.

ಹೆಂಗಸರು ಚೀಲ ಹೊತ್ತು ಆಗಲೇ ಬಾಗಿಲಾಚೆ ನಿಂತಿದ್ದರು.

"ನೋಡಿದ್ವಿ," ಎಂದಳು ಶಟ್ಟೆವ್ವ. "ತಾಯತ ಕಟ್ಟಿದ್ರ ಅಡಗತೈತಿ, ಬಿಚ್ಚಿದ್ರ ಕುಣೀತೈತಿ, ಮುಟ್ಟಿದವರ ಮೈಯಾಗ ಬರತೈತಿ. ಅದು ಏನಂತ ನಮಗ ತಿಳಿಯಂಗಿಲ್ಲೇನೋ ತಮ್ಮಾ?"

ಸಂಜೆ ಮನೆಮನೆಯಿಂದ ಬೀಸುಕಲ್ಲಿನ ಸದ್ದು ಕೇಳುತ್ತಿತ್ತು. ಲಕ್ಕಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ನಿಜಗುಣಪ್ಪ ಹೊಸ್ತಿಲಾಚೆಯೇ ನಿಂತು ಮೆಲ್ಲಗೆ ಕರೆದ.

"ಲಕ್ಕಪ್ಪಾ, ಆ ತಾಯತ ನಿನಗಂತೂ ಬ್ಯಾಡಲ್ಲ, ನನಗರ ಕೊಡು. ನನ್ನ ಎತ್ತು ನಿನ್ನ ಇಂಜಿನ್ನಿನ ಮಗ್ಗಲದಾಗ ಬಾಳೇವು ಮಾಡಬೇಕೈತಿ."