ಹಲಸಿನ ಮೇಣ ಎಲ್ಲಿ ಹೋಯಿತು?

ಅಂಗಡಿ ಇಟ್ಟವರಿಗೆ ಗಿರಾಕಿಗಳಿಂದ ದಿನಕ್ಕೊಂದು ಆಘಾತ ಇದ್ದದ್ದೇ. ಕುಂಬ್ರದ ನನ್ನ ಹಣ್ಣಿನಂಗಡಿಗೆ ಈ ಸಲ ಅದನ್ನು ತಂದದ್ದು ನಮ್ಮ ಹಿತ್ತಲಿನದೇ ಹಲಸು. ಕೊರೆದರೆ ಅಂಟುವ ಮೇಣವೇ ಇಲ್ಲ, ಆ ಮರವೇ ಹಾಗೆ. ಹೆಮ್ಮೆಯಿಂದ ‘ಮೇಣವಿಲ್ಲದ ಹಲಸು’ ಅಂತ ಬೋರ್ಡು ನೇತುಹಾಕಿದೆ. ಅದೇ ವಾರ ಊರಿನ ವಾಟ್ಸಾಪಿನಲ್ಲೆಲ್ಲ ‘ಹುಟ್ಟುಗುಣ ತಪ್ಪಿದ ಹಣ್ಣೆಲ್ಲ ಕುಲಾಂತರಿ, ತಿಂದರೆ ಕಾಯಿಲೆ’ ಅನ್ನುವ ವಿಡಿಯೋ. ಕೊರೆದಿಟ್ಟ ಹಲಸು ಸಂಜೆಯೊಳಗೆ ಖರ್ಚಾಗದಿದ್ದರೆ ದನವೇ ಗತಿ.

ಅಪರಾಧಿ ಪತ್ತೆ

ಮೊದಲು ಬಂದವರು ನಿವೃತ್ತ ಮಾಸ್ಟ್ರು. ಬೋರ್ಡು ಓದಿ ಹೌಹಾರಿದರು.

“ಇದರ ಮೇಣ ತೆಗೆದದ್ದು ಯಾರು?”

“ಯಾರೂ ಅಲ್ಲ ಮಾಸ್ಟ್ರೇ, ಮರವೇ ಹಾಗೆ. ನಮ್ಮವರ ಅಜ್ಜಿ ನೆಟ್ಟದ್ದು.”

“ಆ ಕಾಲಕ್ಕೇ ಕುಲಾಂತರಿ ಬಂದಿತ್ತಾ ಮಾರಾಯ್ರೆ!”

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳಲ್ಲವೇ, ಜೀನು, ತಳಿ, ಕಸಿ ಅಂತ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದ ಮಾಸ್ಟ್ರು ತಣ್ಣಗೆ ಹೇಳಿದರು: “ಇಷ್ಟೆಲ್ಲ ಗೊತ್ತುಂಟು ಅಂದ್ರೆ, ಮಾಡಿದ್ದು ನೀವೇ!”

ಇರುವೆ ಪರೀಕ್ಷೆ

ಆಮೇಲೆ ಎದುರಿನ ಬಟ್ಟೆಯಂಗಡಿಯ ಬ್ಯಾರಿ ಅಕ್ಕ ಬಂದರು. ನಾನು ಕೈಗೆ ಎಣ್ಣೆ ಹಚ್ಚದೆ ಸೊಳೆ ಬಿಡಿಸುವುದನ್ನು ಕಂಡು, “ಯಾ ಅಲ್ಲಾ! ಎಣ್ಣೆ ಇಲ್ಲದೆ ಹಲಸಾ?” ಅಂತ ಎದೆ ಹಿಡಿದುಕೊಂಡರು. ರುಚಿ ನೋಡಲು ಕೊಟ್ಟ ಸೊಳೆಯನ್ನು ಬಾಯಿಗಿಡಲಿಲ್ಲ. ಮೆಟ್ಟಿಲ ಮೇಲಿಟ್ಟರು.

“ಇರುವೆ ಬಂದ್ರೆ ಒಳ್ಳೆದು, ಬಾರದಿದ್ರೆ ಕುಲಾಂತರಿ.”

ಇರುವೆಗಳು ಸಾಲುಗಟ್ಟಿ ಬಂದವು. ನಾನು ಗೆದ್ದೆ ಅಂದುಕೊಂಡೆ.

“ಅಯ್ಯೋ ಪಾಪ,” ಅಂದರು ಅಕ್ಕ, “ಅವಕ್ಕೆ ಎಂತ ಗೊತ್ತು? ಅವು ವಿಡಿಯೋ ನೋಡ್ಲಿಲ್ಲಲ್ಲ!”

ತಿಂದವರ ಸಾಕ್ಷಿ

ಮಧ್ಯಾಹ್ನದವರೆಗೂ ಒಂದು ಸೊಳೆಯೂ ಹೋಗಲಿಲ್ಲ. ಸುದ್ದಿ ಮುಟ್ಟಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಅಂಗಡಿಗೇ ಬಂದರು. ಸುಳ್ಯದ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರನ್ನು ಕೈಹಿಡಿದು ಒಳಗೆ ಕರೆದು ತಂದರು.

“ಮದುವೆಯಾಗಿ ಬಂದಲ್ಲಿಂದ ಇದನ್ನೇ ತಿನ್ನುದು ನಾನು. ಬಿಪಿ ಇಲ್ಲ, ಶುಗರ್ ಇಲ್ಲ. ಹಲ್ಲು ನೋಡಿ, ಎಲ್ಲ ನನ್ನದೇ!”

ಅತ್ತೆ ಬಾಯಿ ಅಗಲಿಸಿ ತೋರಿಸಿದರು. ಆ ಹೆಂಗಸು ಬಗ್ಗಿ ನೋಡಿ ತೃಪ್ತರಾಗಿ, “ಒಂದು ಕಿಲೋ ಕೊಡಿ” ಅಂದರು. ನಾನು ಗಡಿಬಿಡಿಯಲ್ಲಿ ಸೊಳೆ ತೂಗಿ ಕಟ್ಟಿ ಕೊಟ್ಟೆ. ಚೀಲಕ್ಕೆ ಹಾಕುವಾಗ ಅವರ ಕಣ್ಣು ಮೂಲೆಯ ಕುರ್ಚಿಗೆ ಬಿತ್ತು. ಅಲ್ಲಿ ನನ್ನ ಗಂಡ, ವ್ಯಾಪಾರದಲ್ಲಿ ಸಹಾಯಕ್ಕೆಂದು ಬಂದವರು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮೂಗಿನ ಮೇಲೆ ನೊಣ ಕೂತದ್ದೂ ತಿಳಿದಿರಲಿಲ್ಲ.

“ಇವರು ಯಾರು?”

“ನನ್ನ ಮಗ,” ಅಂದರು ಅತ್ತೆ ಹೆಮ್ಮೆಯಿಂದ.

“ಇವರೂ ಇದೇ ಹಲಸು ತಿಂದದ್ದಾ?”

“ಮತ್ತೆಂತ! ಹಲ್ಲು ಬಂದಲ್ಲಿಂದ!”

ಆ ಹೆಂಗಸು ಚೀಲದಿಂದ ಕಟ್ಟು ಮೆಲ್ಲ ತೆಗೆದು ನನ್ನ ಕೈಗೇ ಕೊಟ್ಟರು.

“ಬೇಡ ಅಕ್ಕ. ನನಗೂ ಒಬ್ಬನೇ ಮಗ.”