ಸಿಪಾಯಿಗೆ ಒಪ್ಪುವ ಕಾಡು

ಮಕ್ಕಳೇ, ಮಗಳಿಗೆ ಗಂಡು ನೋಡುವವರನ್ನು ನೀವು ಕಂಡಿದ್ದೀರಿ, ಮಗನಿಗೆ ಹೆಣ್ಣು ನೋಡುವವರನ್ನೂ ಕಂಡಿದ್ದೀರಿ. ನಾಯಿಗೆ ಕಾಡು ನೋಡಿದವರನ್ನು ಕಂಡಿದ್ದೀರಾ? ಅಂಥವರು ಜಗತ್ತಿನಲ್ಲಿ ಒಬ್ಬರೇ ಇದ್ದರು: ನಿಮ್ಮ ಮುತ್ತಜ್ಜ, ಅಂದರೆ ನನ್ನ ಮಾವನವರು!

ಆಗ ನಾನು ಹುಮನಾಬಾದಿನ ಈ ಮನೆಗೆ ಹೊಸ ಸೊಸೆ. ಅಮಾವಾಸ್ಯೆಯ ದಿನ ಊಟಕ್ಕೆ ಬಂದಿದ್ದ ಮಠದ ಅಯ್ಯನವರ ತಟ್ಟೆಯಿಂದ ನಮ್ಮ ನಾಯಿ ಸಿಪಾಯಿ ಹೋಳಿಗೆ ಕಚ್ಚಿಕೊಂಡು ಹೋಯಿತು. ಅಯ್ಯನವರು ನಕ್ಕರು. ಅತ್ತೆ ನಗಲಿಲ್ಲ.

"ಈ ಮನ್ಯಾಗ ಆ ನಾಯಿಯರ ಇರಬೇಕು, ಇಲ್ಲಾ ನಾನರ ಇರಬೇಕು!"

ಮಾವನವರು ಬಹಳ ಹೊತ್ತು ಯೋಚಿಸಿದರು. ಅಷ್ಟು ಹೊತ್ತು ಯೋಚಿಸಿದ್ದೇ ತಪ್ಪಾಯಿತು!

ಸಿಪಾಯಿಯನ್ನು ರಾಜೇಶ್ವರದಲ್ಲಿ ಬಿಟ್ಟು ಬಂದರು, ಮರುದಿನ ಬಾಗಿಲಲ್ಲಿತ್ತು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಹತ್ತಿರ ಬಿಟ್ಟರೆ, ಕಬ್ಬು ಇಳಿಸಿದ ಟ್ರ್ಯಾಕ್ಟರ್ ಹತ್ತಿ ಸಾಹೇಬರಂತೆ ಬಂದಿಳಿಯಿತು.

"ದೂರದ ಗುಡ್ಡದ ಕಾಡಿಗಿ ಒಯ್ದು ಬಿಡ್ತೀನಿ," ಎಂದರು ಮಾವನವರು.

"ನಾನೂ ಬರ್ತೀನಿ. ನಿಮ್ಮ ಮ್ಯಾಲ ನನಗ ಭರೋಸಾ ಇಲ್ಲ," ಎಂದರು ಅತ್ತೆ.

ಹೀಗೆ ಹಳೆಯ ಜೀಪು ಹೊರಟಿತು. ಮುಂದೆ ಜೀಪು ಓಡಿಸುವ ನಿಮ್ಮ ಅಜ್ಜ, ಪಕ್ಕದಲ್ಲಿ ಮಾವನವರು, ಅವರ ಕಾಲ ಬಳಿ ಸಿಪಾಯಿ. ಹಿಂದೆ ಖಡಕ್ ರೊಟ್ಟಿಯ ಗಂಟು, ಅತ್ತೆ, ಸೆರಗಿನೊಳಗೆ ನಗುವ ನಾನು. ಡೇರೆ ಹಾಕಲು ಜೋಳದ ರಾಶಿಗೆ ಮುಚ್ಚುವ ತಾಡಪತ್ರಿ.

ಮೊದಲು ಮಹಾಬಳೇಶ್ವರ. ಎಂಥ ಬೆಟ್ಟ, ಎಂಥ ಗಾಳಿ! ಮಾವನವರು ಸುತ್ತಲೂ ನೋಡಿ ತಲೆಯಾಡಿಸಿದರು.

"ಇಲ್ಲಿ ಮಂಗ್ಯಾ ಭಾಳ ಅವ. ನಮ್ಮ ಹುಡುಗನ್ನ ಕೆಡಸ್ತಾವ."

ಮುಂದೆ ರಾಧಾನಗರಿಯ ಕಾಡು. ತಾಡಪತ್ರಿಯ ಒಂದು ಬದಿಯನ್ನು ಮರಕ್ಕೂ ಇನ್ನೊಂದು ಬದಿಯನ್ನು ಜೀಪಿಗೂ ಕಟ್ಟಿ ಮಲಗಿದೆವು. ಬೆಳಗ್ಗೆ ನಿಮ್ಮ ಅಜ್ಜ ನೀರು ತರಲೆಂದು ಜೀಪು ಚಾಲೂ ಮಾಡಿ ಹೊರಟರು. ನಮ್ಮ ಮನೆಯೂ ಅವರ ಹಿಂದೆ ಹೊರಟಿತು! ಬಟ್ಟಬಯಲಲ್ಲಿ ಕೂದಲು ಬಿಚ್ಚಿ, ಹಣಿಗೆ ಹಿಡಿದು ಕೂತಿದ್ದ ಅತ್ತೆಯನ್ನು ಒಂದು ಕಾಡುಕೋಣ ದೂರದಿಂದ ದಿಟ್ಟಿಸಿ ನೋಡಿ, ಹೆದರಿ ಓಡಿತು.

"ಇಲ್ಲರ ಬಿಡ್ರಿ ಅದನ್ನ!" ಎಂದು ಅತ್ತೆ ಕೂಗಿದರು.

"ಇಲ್ಲಿ ನೀರು ಜಡ ಅದ. ಅದಕ್ಕ ಒಗ್ಗಂಗಿಲ್ಲ."

"ನಾಯಿ ಬಿಡಾಕ ಬಂದೀರೋ, ಬೀಗತನ ಮಾಡಾಕ ಬಂದೀರೋ?"

ಕೊನೆಗೆ ದಾಂಡೇಲಿ. ಮಾವನವರು ಅಲ್ಲಿಯ ಫಾರೆಸ್ಟ್ ಗಾರ್ಡನ್ನು ಕರೆದು ಕೇಳಿದರು: "ಈ ಕಾಡಿನ್ಯಾಗ ಊಟದ್ದು ಹ್ಯಾಂಗ್ರಿ?"

ಗಾರ್ಡ್ ಸಿಪಾಯಿಯನ್ನು ನೋಡಿದ. "ಚಿರತಿಗೆ ಊಟಕ್ಕೇನೂ ಕಡಿಮಿ ಇಲ್ರಿ. ಆದ್ರೂ ನೀವು ಇಷ್ಟು ದೂರದಿಂದ ತಂದೀರಿ, ಬ್ಯಾಡ ಅನ್ನಂಗಿಲ್ಲ!"

ಮಾವನವರು ಸಿಪಾಯಿಯನ್ನು ಎತ್ತಿ ಜೀಪಿನಲ್ಲಿ ಹಾಕಿದರು. ಅತ್ತೆಯ ತಾಳ್ಮೆ ಮುಗಿದಿತ್ತು. ಒಂದು ಹರದಾರಿ ಹೋಗುವಷ್ಟರಲ್ಲಿ ಜೀಪು ನಿಲ್ಲಿಸಿ, ತಾವೇ ಹಗ್ಗ ಬಿಚ್ಚಿ, "ಹೋಗ್!" ಎಂದರು. ಸಿಪಾಯಿ ಒಮ್ಮೆ ಬಾಲ ಅಲ್ಲಾಡಿಸಿ, ಮರಗಳ ನಡುವೆ ಏನನ್ನೋ ಮೂಸುತ್ತ ಹೋಗಿಬಿಟ್ಟಿತು.

ಜೀಪು ಹೊರಟಿತು. ಹುಮನಾಬಾದಿನಿಂದ ಅಲ್ಲಿಯತನಕ ಬಾಯಿ ಮುಚ್ಚದ ಮಾವನವರು ಸುಮ್ಮನೆ ಕೂತರು. ಅತ್ತೆ ರೊಟ್ಟಿ ಕೊಟ್ಟರು. ಮಾವನವರು ತಿನ್ನದೆ ತೊಡೆಯ ಮೇಲೆ ಇಟ್ಟುಕೊಂಡರು. ಮೈಲಿಗಲ್ಲು ಬಂತು, ಹಳ್ಳ ಬಂತು. ಅವರು ಯಾವುದರಲ್ಲೂ ಒಂದು ಹುಳುಕು ತೆಗೆಯಲಿಲ್ಲ.

"ಏನರ ಮಾತಾಡ್ರಿ," ಎಂದರು ಅತ್ತೆ.

ಮಾತಿಲ್ಲ.

"ನನಗರ ಬೈಯ್ರಿ."

ಅದೂ ಇಲ್ಲ.

ಅತ್ತೆ ನಿಮ್ಮ ಅಜ್ಜನ ಭುಜ ತಟ್ಟಿದರು. "ಗಾಡಿ ತಿರುವೋ."

ಬಿಟ್ಟ ಜಾಗಕ್ಕೆ ಬಂದಾಗ ಸಿಪಾಯಿ ಕಾಣಲಿಲ್ಲ. ಮಾವನವರು ಕೆಳಗೆ ಇಳಿಯಲೂ ಇಲ್ಲ. ಎಂದೂ ನಾಯಿಯನ್ನು ಹೆಸರು ಹಿಡಿದು ಕರೆಯದ ನಮ್ಮ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮರಗಳ ನಡುವೆ ನುಗ್ಗಿದರು.

"ಸಿಪಾಯೀ, ಬಾರಪ್ಪಾ! ನಮ್ಮವರ ಬಾಯಿ ಕಟ್ಟಿಹೋಗ್ಯಾದ, ಬಾರೋ!"

ಎಷ್ಟು ಸಲ ಕರೆದರೋ! ಕೊನೆಗೆ ಮೈತುಂಬ ಮುಳ್ಳು ಅಂಟಿಸಿಕೊಂಡು ಸಿಪಾಯಿ ಓಡಿಬಂತು. ಅತ್ತೆ ಅದನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಮುಳ್ಳು ಕೀಳತೊಡಗಿದರು.

ಮಾವನವರು ತಿರುಗಿ ನೋಡಿದರು. "ಯಾಕ ಕರದಿ?"

ಅತ್ತೆ ತಲೆ ಎತ್ತಲಿಲ್ಲ. "ನಿಮ್ಮ ದನಿ ಕೇಳದಿದ್ರ ನನಗ ನಿದ್ದಿ ಬರಂಗಿಲ್ಲ."

ನಿಮ್ಮ ಅಜ್ಜ ಹೋದ ಮೇಲೆ ನಾನು ರೇಡಿಯೋ ಆರಿಸದೆ ಯಾಕೆ ಮಲಗುತ್ತೇನೆ ಎಂದು ಕೇಳುತ್ತೀರಲ್ಲ, ಮಕ್ಕಳೇ. ಅದಕ್ಕೇ.