ಲೈಸೆನ್ಸಿಲ್ಲದ ನೆಂಟರು

ನಿವೃತ್ತನಾದ ಮಾಸ್ತರನ ಕೈಗೆ ಎರಡು ವಸ್ತು ಸಿಗಬಾರದು. ಒಂದು ಬಿಡುವು, ಇನ್ನೊಂದು ಬಣ್ಣದ ಡಬ್ಬಿ. ನನಗೆ ಎರಡೂ ಒಟ್ಟಿಗೆ ಸಿಕ್ಕವು. ಕೊಲ್ಹಾರದಲ್ಲಿ ನಮ್ಮ ಮನೆ ಹಿನ್ನೀರಿಗೆ ಹತ್ತಿರ. ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ, ಹಕ್ಕಿಗಳ ಹಿಂದೆ ಕ್ಯಾಮೆರಾದವರು ಬರುತ್ತಾರೆ, ಬಂದವರು "ಉಳಕೊಳ್ಳಾಕ ಎಲ್ಲೆರೆ ಜಾಗ ಐತೇನ್ರಿ?" ಎಂದು ಕೇಳುತ್ತಾರೆ. ನಮ್ಮ ಹಿತ್ತಲ ಕಡೆ ಎರಡು ಖೋಲಿ ಖಾಲಿ ಬಿದ್ದಿದ್ದವು. ಹೋಂಸ್ಟೇ ಮಾಡೋಣ ಎಂದೆ. ಹೆಂಡತಿ ಕಮಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಮನಿಗೆ ಬಂದವರ ಕಡೆ ರೊಕ್ಕ ಇಸ್ಕೊಳ್ಳೂದಾ? ಮಾರಿ ಎಲ್ಲಿ ಇಟ್ಕೊಳ್ಳೂಣು?" ಅವರು ಬಂದವರಲ್ಲ, ಗಿರಾಕಿಗಳು ಎಂದು ತಿಳಿಸಿ ಹೇಳಿದೆ. ಅವಳಿಗೆ ತಿಳಿಯಲಿಲ್ಲ. ನನಗಾದರೂ ಪೂರ್ತಿ ತಿಳಿದಿತ್ತೇ ಎಂಬುದು ಈಗ ಅನುಮಾನ.

ಲೈಸೆನ್ಸ್ ಎಂದರೆ ಸುಮ್ಮನೆ ಬರುವಂಥದ್ದಲ್ಲ. ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಪೊಲೀಸರು ತಕರಾರಿಲ್ಲ ಎನ್ನಬೇಕು, ಪ್ರವಾಸೋದ್ಯಮ ಇಲಾಖೆಯ ಸಾಹೇಬರು ಬಂದು ಖೋಲಿ ನೋಡಬೇಕು, ಅಲ್ಲಿಯವರೆಗೆ ಒಬ್ಬ ಅತಿಥಿಯೂ ಉಳಿಯಕೂಡದು. ಅರ್ಜಿ ಕೊಟ್ಟು ಬಂದವನು ತೆಪ್ಪಗಿರಬೇಕಿತ್ತು. ಆದರೆ ನಾನು ಚಿತ್ರಕಲಾ ಮಾಸ್ತರ, ಕೈ ಕೇಳಲಿಲ್ಲ. ಹಲಗೆಯ ಮೇಲೆ ಒಂದು ರಾಜಹಂಸ ಬರೆದು, ಕೆಳಗೆ 'ಹೋಂಸ್ಟೇ' ಎಂದು ಕೊರೆದು ಬಾಗಿಲಿಗೆ ತೂಗು ಹಾಕಿದೆ. ಎದುರು ಮನೆಯವರು ಅದನ್ನು ನೋಡಿ ಖಾನಾವಳಿ ತೆಗೆದಿರುವೆನೆಂದು ತಿಳಿದು, ಕೋಳಿ ಊಟ ಎಂದಿನಿಂದ ಎಂದು ವಿಚಾರಿಸಿದರು.

ಅದೇ ವಾರ ಅವ್ವ ಹಾಸಿಗೆ ಹಿಡಿದಳು. ದವಾಖಾನೆಯವರು ಇನ್ನು ಮನೆಗೇ ಒಯ್ಯಿರಿ ಎಂದರು. ಹಾಗೆಂದರೇನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುದ್ದಿ ಹಬ್ಬಿದ ಕೂಡಲೇ ಬಳಗ ಕಡೆಯ ಸಲ ಮಾರಿ ನೋಡಲು ಹೊರಡುತ್ತದೆ. ಹೀಗೆ ಬಂದು ಹಾಗೆ ಹೋದರೆ ಅದು ನೋಡಿದಂತಲ್ಲ. ರಾತ್ರಿ ಉಳಿಯಬೇಕು, ಎರಡು ರೊಟ್ಟಿ ತಿನ್ನಬೇಕು, ಮಲಗಿದವರ ಹತ್ತಿರ ಕೂತು ಸಣ್ಣಂದಿನ ಮಾತು ತೆಗೆಯಬೇಕು. ಯಂಕಂಚಿಯ ಸೋದರಮಾವ ಬಂದ, ತಂಗಡಗಿಯಿಂದ ನಾಲ್ಕು ಮಂದಿ ಬಂದರು. ಇಂಡಿಯಿಂದ ಅವ್ವನ ತಂಗಿ ಶಾಂತವ್ವ, ನಮ್ಮ ಚಿಗವ್ವ, ಒಂದು ಚೀಲ ಲಿಂಬಿಕಾಯಿ ಹೊತ್ತು ಬಂದವಳು ಅವ್ವನ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಅವ್ವನಿಗೆ ಬೇಕಾಗಿದ್ದೂ ಅದೇ. "ಶಾಂತಿ ಬಾಜೂಕ ಇರ್ಲಿ. ಕಡೀ ನೀರು ಅಕೀನ ಬಿಡ್ಲಿ" ಎನ್ನುತ್ತಿದ್ದಳು. ಬೇರೆ ಯಾವ ಆಸೆಯನ್ನೂ ಅವಳು ಹೇಳಲಿಲ್ಲ.

ಇಂಥ ಹೊತ್ತಿನಲ್ಲಿ ಸಾಹೇಬರು ಬಂದರು. ಬಾಗಿಲಲ್ಲಿ ನನ್ನ ಬೋರ್ಡು, ಒಳಗೆ ಎರಡೂ ಖೋಲಿ ಭರ್ತಿ, ಹೊಸ ಗಾದಿಯ ಮೇಲೆ ಕಾಲು ಚಾಚಿ ಮಲಗಿದ ಸೋದರಮಾವ. "ಎಷ್ಟು ದಿನ ಇರ್ತೀರಿ?" ಎಂದು ಸಾಹೇಬರು ಕೇಳಿದರು. ಮಾವ ಅವ್ವ ಮಲಗಿದ್ದ ಪಡಸಾಲೆಯ ಕಡೆ ಕೈ ಮಾಡಿ, "ಅದು ನಮ್ಮ ಕೈಯಾಗ ಇಲ್ರಿ, ನಮ್ಮಕ್ಕನ ಕೈಯಾಗ ಐತಿ" ಎಂದ. "ಇರಾಕ ಏನು ಕೊಟ್ಟೀರಿ?" ಎಂಬ ಪ್ರಶ್ನೆಗೆ ಚಿಗವ್ವನಿಗೆ ಅಭಿಮಾನ ಬಂತು. "ಬರೀ ಕೈಲೆ ಬರಾಕ ನಾವೇನು ಗತಿಗೆಟ್ಟವರೇನ್ರಿ? ಚೀಲ ತುಂಬ ಲಿಂಬಿಕಾಯಿ ಕೊಟ್ಟೇವಿ!"

ಸಾಹೇಬರು ಕೆಟ್ಟವರಲ್ಲ. ಅವ್ವನನ್ನು ಕಂಡು ಬೂಟು ಬಿಟ್ಟು ಕೈಮುಗಿದರು. ಆಮೇಲೆ ನನ್ನನ್ನು ಹೊರಗೆ ಕರೆದು, "ಮಾಸ್ತರ, ಬೋರ್ಡ್ ಹಾಕೀರಿ, ಖೋಲಿ ತುಂಬ್ಯಾವು. ನಾ ಏನಂತ ಬರೀಲಿ? ಮತ್ತೊಮ್ಮೆ ಬರ್ತೇನಿ, ಅವಾಗ ಖಾಲಿ ಇರಬೇಕು. ಇಲ್ಲಾಂದ್ರ ದಂಡ ಬೀಳತೈತಿ" ಎಂದರು. ಬೋರ್ಡು ಕಿತ್ತು ಒಲೆಗೆ ಹಾಕುತ್ತೇನೆ, ಲೈಸೆನ್ಸೂ ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು "ಹೌದ್ರಿ ಸಾಹೇಬ್ರ" ಎಂಬ ಮಾತು. ಚಿಗವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಸಂಜೆಯೊಳಗೆ ಎಲ್ಲರ ಗಂಟು ಕಟ್ಟಿಸಿದಳು. "ನಮ್ಮಿಂದ ನಿನಗ ತ್ರಾಸ ಆಗೂದು ಬ್ಯಾಡಪಾ. ಕೆಲಸ ಆದ ಮ್ಯಾಲ ಒಂದು ಫೋನ್ ಮಾಡು, ಬರ್ತೇನಿ" ಎಂದಳು. ಇರು ಎನ್ನುವ ಬದಲು ನಾನು ಅವಳ ಚೀಲ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಮರ್ಯಾದಸ್ಥ ನೋಡಿ!

"ಶಾಂತಿ ಎಲ್ಲಿ?" ಎಂದು ಅವ್ವ ದಿನಾ ಕೇಳುತ್ತಿದ್ದಳು.

"ಲೈಸೆನ್ಸ್ ಬರ್ಲಿ ಯವ್ವಾ, ಕರಸ್ತೇನಿ."

"ಎಲ್ಲಿಂದ ಬರ್ಬೇಕದು?"

"ಬಿಜಾಪುರದಿಂದ."

"ಬಸ್ಸು ಬೇಕಾದಷ್ಟು ಅದಾವಲ್ಲೋ" ಎಂದು ಬಾಗಿಲ ಕಡೆ ನೋಡುತ್ತ ಮಲಗುತ್ತಿದ್ದಳು. ಕಮಲಾ ನನ್ನೊಡನೆ ಮಾತು ಬಿಟ್ಟಳು. ಸಾಹೇಬರು ಮತ್ತೆ ಬಂದು ಖಾಲಿ ಖೋಲಿ ನೋಡಿ, ಚಾದರ ಬಹಳ ಸ್ವಚ್ಛ ಅದಾವು ಎಂದು ಹೊಗಳಿದರು. ಆಗಲೇ ಫೋನ್ ಮಾಡಬಹುದಿತ್ತು. ಕಾಗದ ಕೈಗೆ ಬರಲಿ ಎಂದು ತಡೆದೆ. ಕಾಗದ ಕೈಗೆ ಬಂದ ದಿನ ಮುಂಜಾನೆ ಚಿಗವ್ವನಿಗೆ ಫೋನ್ ಮಾಡಿದೆ. ಅವಳು ಬಸ್ಸು ಬದಲಿಸಿ ಬಂದು ಮುಟ್ಟುವಷ್ಟರಲ್ಲಿ ಅವ್ವ ಹೋಗಿದ್ದಳು. ಕಡೆಯ ನೀರು ನಾನೇ ಬಿಟ್ಟೆ. ಅದು ಗಂಟಲಿಗೆ ಇಳಿಯಲಿಲ್ಲ, ಕೆನ್ನೆಯ ಮೇಲೆ ಹರಿದು ಹೋಯಿತು.

ಮರುದಿನ ಮಣ್ಣಿಗೆ ಬಂದ ಬಳಗವೆಲ್ಲ ಮಣ್ಣು ಮುಗಿಸಿ, ಹೊತ್ತು ಮುಳುಗುವ ಮೊದಲೇ ಚೀಲ ಎತ್ತಿಕೊಂಡಿತು. ಹಿಂದಿನ ರಾತ್ರಿಯನ್ನು ಹೆಣದ ಹತ್ತಿರ ಕೂತೇ ಕಳೆದಿದ್ದ ಚಿಗವ್ವನ ಕೈ ಹಿಡಿದುಕೊಂಡೆ.

"ಇವತ್ತೊಂದು ರಾತ್ರಿ ಇರು ಚಿಗವ್ವಾ."

"ಬ್ಯಾಡಪಾ, ಮತ್ತ ಆ ಸಾಹೇಬ ಬಂದಾನು. ನಿನಗ ದಂಡ ಬೀಳತೈತಿ."

"ಲೈಸೆನ್ಸ್ ಬಂದೈತಿ. ಈಗ ಯಾರರೆ ಇರಬಹುದು."

ಚುಚ್ಚಿ ಮಾತಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವಳ ಮುಖದಲ್ಲಿ ನಿಜವಾಗಿಯೂ ಸಮಾಧಾನ ಕಂಡಿತು. ಚೀಲ ಕೆಳಗಿಟ್ಟು, ಗೋಡೆಗೆ ಒರಗಿ ಕುಳಿತು, ಸೊಂಟದ ಚಂಚಿ ಬಿಚ್ಚತೊಡಗಿದಳು.

"ಚಲೋ ಆತು ಬಿಡು. ಹಂಗಾರ ಒಂದು ರಾತ್ರಿಗೆ ಎಷ್ಟಪಾ?"

ದರವನ್ನು ಅತಿಥಿಗಳಿಗೆ ಕಾಣುವ ಹಾಗೆ ಹಾಕಬೇಕೆಂದು ನಿಯಮವಿದೆ. ಕೆಂಪು ಅಕ್ಷರದಲ್ಲಿ ನಾನೇ ಬರೆದಿದ್ದೆ. ಅದು ಅವಳ ತಲೆಯ ಮೇಲೆಯೇ ತೂಗುತ್ತಿತ್ತು. ಚಿಗವ್ವನಿಗೆ ಓದಲು ಬರುವುದಿಲ್ಲ. ಜೀವಮಾನವಿಡೀ ಸಾಲೆಯ ಅನ್ನ ಉಂಡ ಈ ಮಾಸ್ತರ, ಅಂದು ಅದಕ್ಕಾಗಿ ದೇವರಿಗೆ ಕೈಮುಗಿದ.